ಬಾಯಿಯ ಕ್ಯಾನ್ಸರ್: ಜೀವಕೋಶಗಳು ಅಪ್ಪಣೆ ಮೀರುವುದು ಹೇಗೆ?

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವಲ್ಲ. ಹುಟ್ಟಿದ ಮಕ್ಕಳು ಬೆಳೆದು ದೊಡ್ಡವರಾಗುವವರೆಗೆ ತಂದೆತಾಯಿಗಳಿಬ್ಬರೂ ಆರೋಗ್ಯದಿಂದ ಬಾಳುವುದೂ ಕುಟುಂಬ ಕಲ್ಯಾಣವೇ ಆಗಿದೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ಈ ಭಾಗ್ಯವನ್ನು ಅಕಾಲದಲ್ಲಿ ಕಸಿದುಕೊಳ್ಳುವ ರೋಗಗಳ ಪೈಕಿ ಬಾಯಿಯ ಕ್ಯಾನ್ಸರ್ ಪ್ರಮುಖವಾದುದು. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಪ್ರಕಟಿಸಿರುವ ಲೇಖನಗಳಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದು, ಈ ಭಾಗದಲ್ಲಿ ಈ ರೋಗವು ಪುರುಷರಿಗೆ ಮಾತ್ರ ಮೀಸಲಲ್ಲ. ನಡುವಯಸ್ಸಿನ ಹೆಣ್ಣುಮಕ್ಕಳನ್ನೂ ಬಹಳವಾಗಿ ಬಾಧಿಸುತ್ತಿದೆ. ಎರಡನೆಯದು, ರೋಗಿಗಳಲ್ಲಿ ಅನೇಕರು ಹೊಗೆಸೊಪ್ಪು ಸೇರಿದ ಎಲೆಯಡಿಕೆಯ ಉಂಡೆಯನ್ನು ಕೆನ್ನೆಯ ಸಂದಿನಲ್ಲಿ ಬಹುಹೊತ್ತು, ಕೆಲವರು ರಾತ್ರಿಯೆಲ್ಲ, ಇರಿಸಿಕೊಳ್ಳುವವರು.

ಈ ರೋಗವು ಹಣೆಬರಹದಿಂದ ಒಂದು ದಿನ ಇದ್ದಕ್ಕಿದ್ದಂತೆ ಬಂದೆರಗುವುದಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ, ಅನೇಕ ವರ್ಷಗಳ ಅವಧಿಯಲ್ಲಿ ಬೆಳೆಯುತ್ತದೆ. ಆ ವರ್ಷಗಳಲ್ಲಿ ಅದನ್ನು ತಡೆಯುವ ಅವಕಾಶ ಗಂಡಹೆಂಡಿರಿಬ್ಬರ ಕೈಯಲ್ಲಿಯೂ ಇರುತ್ತದೆ. ಜೀವಕೋಶದ ಒಳಗೆ ನಡೆಯುವ ವ್ಯವಹಾರವನ್ನು ಸ್ವಲ್ಪ ತಿಳಿದರೆ ಈ ಮಾತು ಮನದಟ್ಟಾಗುತ್ತದೆ.

ಜೀವಕೋಶಗಳ ನಡುವಣ ಮಾತುಕತೆ

ನಮ್ಮ ಶರೀರವು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶಗಳಿಂದ ರಚಿತವಾಗಿದೆ. ಬಾಯಿಯ ಒಳಮೈಯನ್ನು ಹೊದೆದಿರುವ ತೆಳುಪದರದ ಜೀವಕೋಶಗಳು ಮುದ್ದೆ, ಸಾರು, ಖಾರ, ಬಿಸಿ ಇವುಗಳ ತಿಕ್ಕಾಟದಿಂದ ದಿನವೂ ಸವೆಯುತ್ತವೆ. ಸವೆದುಹೋದವುಗಳ ಸ್ಥಾನವನ್ನು ತುಂಬಲು ಅಡಿಯಲ್ಲಿರುವ ಕೋಶಗಳು ಒಂದು ಎರಡಾಗಿ ಒಡೆದು ಹೊಸ ಕೋಶಗಳನ್ನು ಕೊಡುತ್ತವೆ. ಕೆನ್ನೆಯ ಒಳಪದರವು ಸುಮಾರು ಎರಡು ವಾರಗಳಿಗೊಮ್ಮೆ ಹೊಸದಾಗುತ್ತದೆ. ಊಟ ಮಾಡುವಾಗ ಕೆನ್ನೆ ಕಚ್ಚಿಕೊಂಡರೆ ಆ ಗಾಯ ಬೇಗನೆ ಮಾಯುವುದು ಈ ಕಾರಣದಿಂದಲೇ.

ಆದರೆ ಕೋಶವು ಯಾವಾಗ ಒಡೆಯಬೇಕು, ಯಾವಾಗ ಸುಮ್ಮನಿರಬೇಕು? ಇದನ್ನು ಅದು ತನ್ನಿಷ್ಟದಂತೆ ತೀರ್ಮಾನಿಸುವಂತಿಲ್ಲ. ಅದಕ್ಕೆ ಹೊರಗಿನಿಂದ ಅಪ್ಪಣೆ ಬರಬೇಕು. ಈ ಅಪ್ಪಣೆಗಳು ಅಣುಗಳ ರೂಪದಲ್ಲಿರುತ್ತವೆ. ವಿಜ್ಞಾನಿಗಳು ಇವನ್ನು ‘ಸಂಕೇತಗಳು’ ಎಂದು ಕರೆಯುತ್ತಾರೆ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ ಇಲಿಯ ಜೊಲ್ಲಿನ ಗ್ರಂಥಿಯಲ್ಲಿ ಇಂತಹ ಒಂದು ಬೆಳವಣಿಗೆಯ ಸಂಕೇತವನ್ನು ಕಂಡುಹಿಡಿದರು. ಅದನ್ನು ಎಳೆಯ ಇಲಿಮರಿಗಳಿಗೆ ಕೊಟ್ಟಾಗ ಅವು ವಾಡಿಕೆಗಿಂತ ಮೊದಲೇ ಕಣ್ಣು ತೆರೆದವು. ಈ ಕೆಲಸಕ್ಕಾಗಿ ಅವರಿಗೆ ರೀಟಾ ಲೆವಿ-ಮೊಂಟಾಲ್ಚೀನಿ ಅವರೊಡನೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ಸಂಕೇತ ಮನುಷ್ಯರ ಜೊಲ್ಲಿನಲ್ಲಿಯೂ ಇದೆ; ಗಾಯ ಮಾಯಲು ನೆರವಾಗುತ್ತದೆ. ಅದು ಹಿತಮಿತವಾಗಿರುವಷ್ಟು ಕಾಲ ನಮಗೆ ಉಪಕಾರಿಯೇ.

ಕೆರೆಯ ದೃಷ್ಟಾಂತ

ನಮ್ಮ ಜಿಲ್ಲೆ ಕೆರೆಗಳ ಜಿಲ್ಲೆ. ಆದ್ದರಿಂದ ಈ ವಿಷಯವನ್ನು ಕೆರೆಯ ಉದಾಹರಣೆಯಿಂದ ತಿಳಿಯುವುದು ಸುಲಭ. ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬೇಕಾದಾಗ ತೂಬನ್ನು ತೆರೆಯುತ್ತಾರೆ, ಸಾಕಾದಾಗ ಮುಚ್ಚುತ್ತಾರೆ. ಏರಿಯಲ್ಲಿ ಬಿರುಕು ಕಂಡರೆ ನೀರಗಂಟಿಯು ಕೂಡಲೇ ನೀರು ನಿಲ್ಲಿಸಿ ಅದನ್ನು ಸರಿಪಡಿಸುತ್ತಾನೆ. ಈ ಕ್ರಮ ತಪ್ಪದಿದ್ದರೆ ಊರಿಗೆ ಬೆಳೆ. ತಪ್ಪಿದರೆ ಅದೇ ನೀರಿನಿಂದ ಊರಿಗೆ ಹಾನಿ.

ಜೀವಕೋಶದಲ್ಲಿಯೂ ಇಂತಹ ವ್ಯವಸ್ಥೆಯೇ ಇದೆ. ಕೋಶದ ಹೊರಮೈಯಲ್ಲಿ ಬೆಳವಣಿಗೆಯ ಸಂಕೇತವನ್ನು ಬರಮಾಡಿಕೊಳ್ಳುವ ತೂಬುಗಳಿವೆ. ಇವುಗಳಿಗೆ ‘ಗ್ರಾಹಿ’ ಎಂದು ಹೆಸರು. ಸಂಕೇತವು ಗ್ರಾಹಿಗೆ ತಾಗಿದೊಡನೆ ಒಳಗಿನ ಒಂದು ಕದ ತೆರೆದು, ಸುದ್ದಿಯು ಕೋಶದ ಕೇಂದ್ರಕ್ಕೆ ಹರಿದು, ಕೋಶ ಒಡೆಯುತ್ತದೆ. ಆ ಕದದ ಹೆಸರು ‘ರಾಸ್’. ಕೆಲಸ ಮುಗಿದೊಡನೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇವೆಲ್ಲವನ್ನೂ ನೋಡಿಕೊಳ್ಳುವ ನೀರಗಂಟಿಯೂ ಒಬ್ಬನಿದ್ದಾನೆ. ಅವನ ಹೆಸರು ‘ಪಿ-53’. 1979ರಲ್ಲಿ ಪತ್ತೆಯಾದ ಈ ಅಣುವು ಕೋಶಕ್ಕೆ ಪೆಟ್ಟು ಬಿದ್ದರೆ ಒಡೆಯುವ ಕೆಲಸವನ್ನು ನಿಲ್ಲಿಸಿ, ದುರಸ್ತಿ ಮಾಡಿಸುತ್ತದೆ. ದುರಸ್ತಿ ಸಾಧ್ಯವಾಗದಿದ್ದರೆ ಆ ಕೋಶ ಸಾಯುವಂತೆ ಆಜ್ಞೆ ಕೊಡುತ್ತದೆ. ಕೆಟ್ಟ ಕೋಶ ಸಾಯುವುದು ಶರೀರದ ಹಿತಕ್ಕಾಗಿಯೇ.

ಹೊಗೆಸೊಪ್ಪು ಮತ್ತು ಅಡಿಕೆ ಮಾಡುವ ಕೆಲಸ

ತೂಬು, ಕದ, ನೀರಗಂಟಿ ಇವರೆಲ್ಲರನ್ನೂ ಹೇಗೆ ತಯಾರಿಸಬೇಕೆಂಬ ವಿವರವು ಪ್ರತಿಯೊಂದು ಕೋಶದಲ್ಲಿಯೂ ಒಂದು ಉದ್ದನೆಯ ತಂತುವಿನ ಮೇಲೆ ಬರೆದಿಟ್ಟಂತೆ ಇರುತ್ತದೆ. ಇದೇ ವಂಶವಾಹಿ ತಂತು, ಅಂದರೆ ಡಿ.ಎನ್.ಎ. ಹೊಗೆಸೊಪ್ಪಿನಲ್ಲಿರುವ ನೈಟ್ರೋಸಮೀನ್ ಎಂಬ ವಿಷಗಳು ಈ ತಂತುವಿಗೆ ಅಂಟಿಕೊಂಡು ಅದರ ಬರಹವನ್ನು ಕೆಡಿಸುತ್ತವೆ. ಅಡಿಕೆ ಮತ್ತು ಸುಣ್ಣ ಬಾಯಿಯಲ್ಲಿ ಬೆರೆತಾಗ ಹುಟ್ಟುವ ಉರಿಗಾರ ಪದಾರ್ಥಗಳೂ ಅದೇ ಕೆಲಸ ಮಾಡುತ್ತವೆ. ಬೀಡಿಯ ಹೊಗೆಯಲ್ಲಿಯೂ ಇಂತಹ ವಿಷಗಳಿವೆ. ಜೊತೆಗೆ ಮದ್ಯಪಾನವೂ ಸೇರಿದರೆ ಅಪಾಯವು ಹಲವು ಪಟ್ಟು ಏರುತ್ತದೆ.

ಉಂಡೆಯನ್ನು ಕೆನ್ನೆಯ ಒಂದೇ ಕಡೆ ಇರಿಸಿಕೊಳ್ಳುವವರಿಗೆ ಅದೇ ಜಾಗದಲ್ಲಿ ಹುಣ್ಣು ಏಳುವುದಕ್ಕೆ ಕಾರಣ ಈಗ ಸ್ಪಷ್ಟವಾಗುತ್ತದೆ. ವಿಷವು ಅಲ್ಲಿಯ ಕೋಶಗಳನ್ನು ಗಂಟೆಗಟ್ಟಲೆ ನೆನೆಸುತ್ತಿರುತ್ತದೆ. ಹಗಲಿನಲ್ಲಿ ಉಗುಳಿ ಬಾಯಿ ತೊಳೆಯುವುದುಂಟು. ರಾತ್ರಿ ಅದೂ ಇಲ್ಲ.

ಒಂದರ ಹಿಂದೆ ಒಂದು ಕೆಡುವ ಬಗೆ

ಒಂದು ಬರಹ ಕೆಟ್ಟ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ. ಹಲವು ವ್ಯವಸ್ಥೆಗಳು ಕೆಡಬೇಕು. ಮುಖ್ಯವಾದ ಹಂತಗಳು ಇವು. ಎಲ್ಲರಲ್ಲಿಯೂ ಇದೇ ಅನುಕ್ರಮ ಇರಬೇಕೆಂದೇನೂ ಇಲ್ಲ.

1. ತೂಬುಗಳು ಹೆಚ್ಚಾಗುತ್ತವೆ. ತಲೆ ಮತ್ತು ಕತ್ತಿನ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಕೋಶದ ಮೇಲಿನ ಗ್ರಾಹಿಗಳು ಅಗತ್ಯಕ್ಕಿಂತ ಬಹಳ ಹೆಚ್ಚಾಗಿರುತ್ತವೆ. ಹೀಗಾಗಿ ಅಲ್ಪ ಸಂಕೇತಕ್ಕೂ ಕೋಶ ವಿಪರೀತವಾಗಿ ಬೆಳೆಯುತ್ತದೆ.

2. ಕದ ತೆರೆದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ರಾಸ್ ಎಂಬ ಕದವನ್ನು ಕುರಿತ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಅದು ಮುಚ್ಚಿಕೊಳ್ಳಲಾರದು. ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನಲ್ಲಿ ಇದನ್ನು 1982ರಲ್ಲಿ ಮೊದಲು ಕಂಡರು. ಬಾಯಿಯ ಕ್ಯಾನ್ಸರಿನಲ್ಲಿಯೂ ಕೆಲವರಲ್ಲಿ ಇದು ಕಂಡುಬರುತ್ತದೆ. ಆಗ ಹೊರಗಿನಿಂದ ಅಪ್ಪಣೆಯೇ ಬಾರದಿದ್ದರೂ ಕೋಶ ಒಡೆಯುತ್ತಲೇ ಇರುತ್ತದೆ.

3. ನೀರಗಂಟಿ ಇಲ್ಲದಾಗುತ್ತಾನೆ. ಪಿ-53 ಕೆಟ್ಟರೆ ತಪ್ಪನ್ನು ಹಿಡಿಯುವವರಿಲ್ಲ. ತಪ್ಪಿನ ಮೇಲೆ ತಪ್ಪು ಕೂಡುತ್ತ ಹೋಗುತ್ತದೆ. ಬಾಯಿಯ ಕ್ಯಾನ್ಸರಿನಲ್ಲಿ ಅತಿ ಹೆಚ್ಚಾಗಿ ಕೆಟ್ಟಿರುವುದು ಇದೇ.

4. ಸಾಯಬೇಕಾದ ಕೋಶ ಸಾಯುವುದಿಲ್ಲ. ಭಾರತದ ವಿಜ್ಞಾನಿಗಳು ಒಸಡು ಮತ್ತು ಕೆನ್ನೆಯ ಕ್ಯಾನ್ಸರಿನ ವಂಶವಾಹಿಗಳನ್ನು ಪರೀಕ್ಷಿಸಿ 2013ರಲ್ಲಿ ವರದಿಯನ್ನು ಪ್ರಕಟಿಸಿದರು. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ವಿಜ್ಞಾನಿಗಳು ಕೂಡಿ ಮಾಡಿದ ಕೆಲಸವಿದು. ಕೆಟ್ಟ ವಂಶವಾಹಿಗಳ ಪಟ್ಟಿಯಲ್ಲಿ ಪಿ-53ರ ಜೊತೆಗೆ, ಕೋಶಕ್ಕೆ ಸಾವಿನ ಅಪ್ಪಣೆಯನ್ನು ಮುಟ್ಟಿಸುವ ‘ಕ್ಯಾಸ್ಪೇಸ್-8’ ಎಂಬುದೂ ಇತ್ತು.

5. ಕಳ್ಳಗಾಲುವೆ ತೋಡಿಕೊಳ್ಳುತ್ತದೆ. ಬೆಳೆದ ಗಂಟಿಗೆ ಆಹಾರ ಬೇಕು. ಅದು ತಾನೇ ಸಂಕೇತಗಳನ್ನು ಹೊರಸೂಸಿ ಹೊಸ ರಕ್ತನಾಳಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಶರೀರಕ್ಕೆ ಸಲ್ಲಬೇಕಾದ ಪೋಷಣೆ ಗಂಟಿಗೆ ಸಲ್ಲುತ್ತದೆ.

6. ಏರಿ ಒಡೆಯುತ್ತದೆ. ಕೆಟ್ಟ ಕೋಶಗಳು ತಮ್ಮ ಪದರದ ತಳಗಟ್ಟನ್ನು ಕರಗಿಸಿ ಕೆಳಗಿನ ಮಾಂಸಕ್ಕೆ ಇಳಿಯುತ್ತವೆ. ನಮ್ಮ ಸೀಮೆಯಲ್ಲಿ ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುವಂತೆ, ಇವು ಬಾಯಿಯಿಂದ ಕತ್ತಿನ ಹಾಲುರಸ ಗ್ರಂಥಿಗಳಿಗೆ ಹೋಗಿ ಸೇರುತ್ತವೆ. ಆಗ ಕತ್ತಿನಲ್ಲಿ ಗಡ್ಡೆ ಕೈಗೆ ಸಿಗುತ್ತದೆ. ಈ ಹಂತಕ್ಕೆ ಬಂದರೆ ರೋಗಿಯು ಗುಣಹೊಂದುವ ಸಂಭವವು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹೊರಗೆ ಕಾಣುವ ಗುರುತುಗಳು

ಮೇಲೆ ಹೇಳಿದ ಕೆಲಸವೆಲ್ಲ ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಕಾಣದು. ಆದರೂ ಅದರ ನೆರಳು ಬಾಯಿಯಲ್ಲಿ ಮೊದಲೇ ಬೀಳುತ್ತದೆ. ಒರೆಸಿದರೆ ಹೋಗದ ಬಿಳಿಯ ಮಚ್ಚೆ ಒಂದು ಗುರುತು. ಮಖಮಲ್ಲಿನಂತೆ ಕೆಂಪಾದ ಮಚ್ಚೆ ಇನ್ನೊಂದು. ಇದು ಬಿಳಿಯದಕ್ಕಿಂತ ಹೆಚ್ಚು ಅಪಾಯಕರ. ಮೂರನೆಯದು, ಅಡಿಕೆಯಿಂದ ಬರುವ ಬಾಯಿಬಿಗಿತ. ಇದರಲ್ಲಿ ಬೇರೊಂದು ಸಂಕೇತವು ಅತಿಯಾಗಿ, ಕೆನ್ನೆಯ ಒಳಗೆ ನಾರು ನಾರಾದ ಪದಾರ್ಥ ತುಂಬುತ್ತದೆ. ಖಾರ ತಿಂದರೆ ಉರಿ. ಕ್ರಮೇಣ ಬಾಯಿ ಅಗಲಿಸಲು ಆಗುವುದಿಲ್ಲ. ಹೊಗೆಸೊಪ್ಪನ್ನು ಮುಟ್ಟದೆ ಬರಿಯ ಅಡಿಕೆ ಅಗಿಯುವವರಿಗೂ ಇದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯು ತಾನೇ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿತು.

ಈ ಗುರುತುಗಳು ಬಹುಮಟ್ಟಿಗೆ ಇನ್ನೂ ಕ್ಯಾನ್ಸರ್ ಅಲ್ಲ. ಇವು ಒಂದೆರಡು ತೂಬುಗಳು ಕೆಟ್ಟಿವೆ, ಏರಿ ಇನ್ನೂ ಒಡೆದಿರಲಾರದು ಎಂಬ ಸೂಚನೆಗಳು. ಈಗ ಅಭ್ಯಾಸವನ್ನು ಬಿಟ್ಟರೆ ಮುಂದಿನ ಬರಹಗಳು ಕೆಡುವುದು ಕಡಿಮೆಯಾಗುತ್ತದೆ. ಎಷ್ಟೋ ಬಿಳಿಯ ಮಚ್ಚೆಗಳು ತಾವಾಗಿಯೇ ಕುಗ್ಗುವುದೂ ಉಂಟು. ಬಾಯಿಬಿಗಿತ ಮಾತ್ರ ಪೂರ್ಣವಾಗಿ ಹಿಂದಿರುಗುವುದು ಅಪರೂಪ. ಆದುದರಿಂದ ಅದನ್ನು ಆರಂಭದಲ್ಲಿಯೇ ತಡೆಯಬೇಕು.

ನೋವಿಲ್ಲವೆಂದು ಸುಮ್ಮನಿರಬೇಡಿ. ಆರಂಭದಲ್ಲಿ ಈ ಮಚ್ಚೆಗಳೂ ಹುಣ್ಣುಗಳೂ ಸಾಮಾನ್ಯವಾಗಿ ನೋಯುವುದಿಲ್ಲ. ನೋವು ಬಂದ ಮೇಲೆ ಆಸ್ಪತ್ರೆಗೆ ಹೋಗೋಣವೆಂದು ಕಾದವರು ಏರಿ ಒಡೆದ ಮೇಲೆ ಬಂದವರಂತಾಗುತ್ತಾರೆ.

ನಮ್ಮ ಜಿಲ್ಲೆಯಲ್ಲಿಯೇ ಆದ ಪ್ರಯೋಗ

“ಇಷ್ಟು ವರ್ಷದ ಚಟ, ಬಿಡಲು ಆಗುವುದೇ?” ಎಂದು ಕೇಳುವವರಿಗೆ ಕೋಲಾರ ಜಿಲ್ಲೆಯ ಗ್ರಾಮಗಳೇ ಉತ್ತರ ಕೊಟ್ಟಿವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಯ ವೈದ್ಯರು 1986ರಲ್ಲಿ ಈ ಜಿಲ್ಲೆಯಲ್ಲಿ ಒಂದು ಶಿಕ್ಷಣ ಕಾರ್ಯವನ್ನು ಆರಂಭಿಸಿದರು. 117 ಗ್ರಾಮಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಚಲನಚಿತ್ರ ತೋರಿಸಿದರು, ಪ್ರದರ್ಶನ ಏರ್ಪಡಿಸಿದರು. ಆರೋಗ್ಯ ಕಾರ್ಯಕರ್ತರು ಚಿತ್ರಗಳನ್ನು ಹಿಡಿದು ಜನರನ್ನು ಕಂಡು ತಿಳಿಹೇಳಿದರು. ಹೋಲಿಕೆಗಾಗಿ ಇಂತಹ ಕಾರ್ಯಕ್ರಮವಿಲ್ಲದ ಬೇರೆ ಗ್ರಾಮಗಳನ್ನೂ ಸಮೀಕ್ಷೆ ಮಾಡಿದರು. ಐದು ವರ್ಷಗಳ ಅನಂತರ ಎಣಿಸಿದಾಗ, ತಿಳಿವಳಿಕೆ ಕೊಟ್ಟ ಗ್ರಾಮಗಳಲ್ಲಿ ಹೊಗೆಸೊಪ್ಪು ಬಳಸುತ್ತಿದ್ದ ಪುರುಷರಲ್ಲಿ ಸುಮಾರು ಕಾಲು ಭಾಗದವರೂ, ಸ್ತ್ರೀಯರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿನವರೂ ಅಭ್ಯಾಸವನ್ನು ಬಿಟ್ಟಿದ್ದರು. ಹೋಲಿಕೆಯ ಗ್ರಾಮಗಳಲ್ಲಿ ಬಿಟ್ಟವರು ಅತ್ಯಲ್ಪ.

ಈ ಫಲಿತಾಂಶವು 1995ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಯಾವ ದುಬಾರಿ ಔಷಧವನ್ನೂ ಹಂಚಿರಲಿಲ್ಲ. ಅರ್ಥವಾಗುವಂತೆ ತಿಳಿಸಿದ್ದಷ್ಟೇ. ಬಿಟ್ಟವರಲ್ಲಿ ಹೆಣ್ಣುಮಕ್ಕಳ ಪಾಲು ಹೆಚ್ಚಾಗಿದ್ದುದನ್ನು ಪ್ರತಿಯೊಂದು ಮನೆಯೂ ಗಮನಿಸಬೇಕು.

ಗಂಡಹೆಂಡಿರು ಪರಸ್ಪರ ಮಾಡಬೇಕಾದ ಪರೀಕ್ಷೆ

ತನ್ನ ಬಾಯಿಯನ್ನು ತಾನೇ ಪೂರ್ತಿಯಾಗಿ ನೋಡಿಕೊಳ್ಳುವುದು ಕಷ್ಟ. ಗಂಡನ ಬಾಯಿಯನ್ನು ಹೆಂಡತಿಯೂ, ಹೆಂಡತಿಯ ಬಾಯಿಯನ್ನು ಗಂಡನೂ ನೋಡಬಹುದು. ಇದರಲ್ಲಿ ಸಂಕೋಚಪಡುವುದಕ್ಕೆ ಏನೂ ಇಲ್ಲ. ತಿಂಗಳಿಗೆ ಒಂದು ದಿನವನ್ನು ಗೊತ್ತುಮಾಡಿಕೊಂಡು, ಬಾಯಿ ಮುಕ್ಕಳಿಸಿ, ಅಂಗಳದ ಬೆಳಕಿನಲ್ಲಿ ಕುಳಿತು ಹೀಗೆ ಮಾಡಿ:

1. ತುಟಿಗಳನ್ನು ಮಡಿಸಿ ಒಳಭಾಗ ಮತ್ತು ಒಸಡುಗಳನ್ನು ನೋಡಿ.
2. ಶುಭ್ರವಾದ ಬೆರಳಿನಿಂದ ಕೆನ್ನೆಯನ್ನು ಎಳೆದು ಎರಡೂ ಬದಿಯ ಒಳಭಾಗ ನೋಡಿ. ಉಂಡೆ ಇರಿಸುವ ಸಂದನ್ನು ವಿಶೇಷವಾಗಿ ಗಮನಿಸಿ.
3. ನಾಲಗೆಯನ್ನು ಹೊರಚಾಚಿಸಿ ಎರಡು ಅಂಚುಗಳನ್ನೂ, ಮೇಲೆತ್ತಿಸಿ ಅಡಿಯನ್ನೂ, ಬಳಿಕ ಅಂಗುಳನ್ನೂ ನೋಡಿ.
4. ಬಾಯಿ ಅಗಲಿಸಿದಾಗ ತಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಯುವುವೇ ಎಂದು ನೋಡಿ.
5. ದವಡೆಯ ಕೆಳಗೆ ಮತ್ತು ಕತ್ತಿನ ಎರಡು ಬದಿಗಳಲ್ಲಿ ಗಡ್ಡೆ ಇದೆಯೇ ಎಂದು ಮೆಲ್ಲನೆ ಮುಟ್ಟಿ ನೋಡಿ.

ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಗಳಲ್ಲಿ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗುವ ಹಲ್ಲು, ರಕ್ತ ಒಸರುವಿಕೆ, ನುಂಗಲು ತೊಂದರೆ, ಮೂರು ವಾರ ಕಳೆದರೂ ಸರಿಹೋಗದ ದನಿಯ ಬದಲಾವಣೆ, ಕತ್ತಿನ ಗಡ್ಡೆ—ಇವುಗಳಲ್ಲಿ ಯಾವುದನ್ನು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಹೀಗೆ ಕಣ್ಣಿನಿಂದ ನೋಡುವ ಪರೀಕ್ಷೆಯೂ ಪ್ರಾಣ ಉಳಿಸುತ್ತದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದ ಫಲವಾಗಿ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದುವೆಂದು 2005ರಲ್ಲಿ ಪ್ರಕಟವಾಗಿದೆ.

ಚಿಕಿತ್ಸೆಯ ವಿಚಾರ

ಮಚ್ಚೆಯ ಅಥವಾ ಹುಣ್ಣಿನ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಚೂರು ತೆಗೆದರೆ ರೋಗ ಹರಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆರಂಭದ ಗಂಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಬಹುಮಂದಿ ಗುಣಹೊಂದುತ್ತಾರೆ. ಮುಂದುವರಿದ ರೋಗಕ್ಕೆ ಶಸ್ತ್ರಚಿಕಿತ್ಸೆಯ ಜೊತೆಗೆ ವಿಕಿರಣ ಮತ್ತು ಔಷಧಗಳು ಬೇಕಾಗುತ್ತವೆ. ಗ್ರಾಹಿಯೆಂಬ ತೂಬಿಗೆ ಬೆಣೆ ಹೊಡೆದು ಸಂಕೇತವನ್ನು ತಡೆಯುವ ಔಷಧಗಳೂ ಇಂದು ಇವೆ. ಕ್ಯೂಬಾ ದೇಶದ ವಿಜ್ಞಾನಿಗಳು ರೂಪಿಸಿದ ‘ನಿಮೊಟುಜುಮಾಬ್’ ಎಂಬ ಅಂತಹ ಒಂದು ಔಷಧವನ್ನು ಬೆಂಗಳೂರಿನ ಬಯೋಕಾನ್ ಕಂಪನಿಯು 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗಾಗಿ ನಮ್ಮ ದೇಶದಲ್ಲಿ ಬಿಡುಗಡೆ ಮಾಡಿತು. ಆದರೆ ಹಲವು ತೂಬುಗಳು ಕೆಟ್ಟಿರುವಾಗ ಒಂದನ್ನು ಮುಚ್ಚಿದ ಮಾತ್ರಕ್ಕೆ ಕೆರೆ ಉಳಿಯದು. ಔಷಧಗಳಿವೆಯೆಂಬ ಧೈರ್ಯದಿಂದ ಅಭ್ಯಾಸವನ್ನು ಮುಂದುವರಿಸುವುದು ವಿವೇಕವಲ್ಲ.

ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಉಂಟು. ಮನೆಬಾಗಿಲಿಗೆ ಬಂದು ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಮೊದಲು ಆರಂಭವಾದುದು ಕೋಲಾರ ಜಿಲ್ಲೆಯಲ್ಲಿಯೇ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಬಾಯಿಯ ಪರೀಕ್ಷೆಯನ್ನು ಕೇಳಿ ಪಡೆಯಿರಿ.

ಕೆಲವು ಸಂದೇಹಗಳು

ಪ್ರಶ್ನೆ: ಎಲೆಯಡಿಕೆ ಶುಭಕಾರ್ಯದ ವಸ್ತು. ಅದನ್ನೂ ಬಿಡಬೇಕೇ?
ಉತ್ತರ: ತಾಂಬೂಲವನ್ನು ಕೊಟ್ಟು ಗೌರವಿಸುವುದು ನಮ್ಮ ಸಂಪ್ರದಾಯ; ಅದಕ್ಕೆ ಅಡ್ಡಿಯಿಲ್ಲ. ದಿನವೂ ಅಡಿಕೆ ಅಗಿಯುವ, ಕಡ್ಡಿಪುಡಿ ಅಥವಾ ಹೊಗೆಸೊಪ್ಪು ಸೇರಿಸಿ ದವಡೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವನ್ನು ಬಿಡಬೇಕು.

ಪ್ರಶ್ನೆ: ಗುಟ್ಕಾ ನಿಷೇಧವಾಗಿದೆಯಲ್ಲ?
ಉತ್ತರ: ಕರ್ನಾಟಕದಲ್ಲಿ 2013ರಲ್ಲಿಯೇ ನಿಷೇಧವಾಯಿತು. ಆದರೆ ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಂಡರೆ ಆಗುವುದು ಅದೇ ವಿಷ.

ಪ್ರಶ್ನೆ: ಗರ್ಭಿಣಿಯರು ಹಲ್ಲುನೋವಿಗೆ ಅಥವಾ ವಾಕರಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳಬಹುದೇ?
ಉತ್ತರ: ಖಂಡಿತ ಕೂಡದು. ಅದರಿಂದ ಮಗು ಕಡಿಮೆ ತೂಕದ್ದಾಗಿ ಅಥವಾ ದಿನ ತುಂಬುವ ಮೊದಲೇ ಹುಟ್ಟುವ ಅಪಾಯವುಂಟು. ಹಲ್ಲುನೋವಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಿದೆ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಆಯಿತು. ಇನ್ನು ಸ್ವಲ್ಪ ಹಾಕಿಕೊಂಡರೆ ಏನು?
ಉತ್ತರ: ವಿಷವು ಬಾಯಿಯ ಒಳಮೈಯನ್ನೆಲ್ಲ ನೆನೆಸಿರುತ್ತದೆ. ತೆಗೆದುದು ಒಂದು ಜಾಗದ ಗಂಟನ್ನು ಮಾತ್ರ. ಉಳಿದ ಕಡೆಯ ಕೋಶಗಳಲ್ಲಿಯೂ ಕೆಲವು ತೂಬುಗಳು ಕೆಟ್ಟಿರಬಹುದು. ಮತ್ತೆ ಆರಂಭಿಸಿದರೆ ಎರಡನೆಯ ಗಂಟು ಏಳುವ ಅಪಾಯ ಹೆಚ್ಚುತ್ತದೆ.

ಪ್ರಶ್ನೆ: ಬಿಟ್ಟಾಗ ತಲೆನೋವು, ಸಿಡುಕು ಬರುತ್ತದೆ. ಏನು ಮಾಡಬೇಕು?
ಉತ್ತರ: ಮೊದಲ ಒಂದೆರಡು ವಾರ ಇದು ಸಹಜ, ಅನಂತರ ಇಳಿಯುತ್ತದೆ. ಬಿಡುವ ದಿನವನ್ನು ಇಬ್ಬರೂ ಕೂಡಿ ನಿಶ್ಚಯಿಸಿ, ಮನೆಯಲ್ಲಿರುವ ಪೊಟ್ಟಣಗಳನ್ನು ಎಸೆಯಿರಿ. ಆಸೆಯಾದಾಗ ನೀರು ಕುಡಿಯಿರಿ, ಏಲಕ್ಕಿ ಅಥವಾ ಸೋಂಪು ಅಗಿಯಿರಿ. 1800112356 ಎಂಬ ಶುಲ್ಕರಹಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ. ಸಂಗಾತಿಯ ಸಿಡುಕನ್ನು ಆ ಕೆಲವು ದಿನ ಸಹಿಸಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ನೆನಪಿನಲ್ಲಿಡಿ

ಕ್ಯಾನ್ಸರ್ ಆಗುವ ಮೊದಲು ಅನೇಕ ತೂಬುಗಳು ಒಂದೊಂದಾಗಿ ಕೆಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಪ್ರತಿದಿನದ ಪೊಟ್ಟಣವು ಇನ್ನೊಂದು ತೂಬಿಗೆ ಹೊಡೆಯುವ ಪೆಟ್ಟು. ಬಿಟ್ಟ ದಿನದಿಂದಲೇ ಆ ಪೆಟ್ಟು ನಿಲ್ಲುತ್ತದೆ. ಆದಕಾರಣ ದಂಪತಿಗಳು ಈ ಪಾಠವನ್ನು ಓದಿದ ಈ ವಾರದಲ್ಲಿಯೇ ಒಬ್ಬರ ಬಾಯಿಯನ್ನು ಒಬ್ಬರು ಪರೀಕ್ಷಿಸಿರಿ. ಓದು ಬಾರದ ಅತ್ತೆ, ಮಾವ, ತಾಯಿ, ತಂದೆಯವರಿಗೆ ಇದನ್ನು ಓದಿ ಹೇಳಿ, ಅವರ ಬಾಯಿಯನ್ನೂ ನೋಡಿರಿ. ಸಂಶಯ ಕಂಡರೆ ಸಂತೆಯ ದಿನಕ್ಕೆಂದಾಗಲಿ, ಸುಗ್ಗಿ ಮುಗಿಯಲೆಂದಾಗಲಿ ಕಾಯದೆ ಆಸ್ಪತ್ರೆಗೆ ಕರೆತನ್ನಿರಿ.